ಎವರೆಸ್ಟ್ ಬೇಸ್ ಕ್ಯಾಂಪಿಗೆ 9 ದಿನದ ಪ್ಯಾಕೇಜ್ ಸಾಕೇನ್ರಿ?

ಇಳಕಲ್ ಹುಡುಗ:
ಬಾಗಲಕೋಟಿಯಿಂದ ಆರು ಮಂದಿ ಏಪ್ರಿಲ್‌ದಾಗ ನೇಪಾಳಕ್ಕ ಹೊಂಟೇವಿ. ವಿಮಾನ ಇಳಿದು ನಡಿಗಿ ಸುರು ಮಾಡೂ ಊರು ಲುಕ್ಲಾದಿಂದ ಬೇಸ್ ಕ್ಯಾಂಪಿಗೆ ಹೋಗಿ ಬರಾಕ ಏಜೆಂಟ್ 9 ದಿನ ಹಾಕ್ಯಾನ. ತಯಾರಿಗಂತ ಬಾದಾಮಿ ಬೆಟ್ಟ ದಿನಾ ಹತ್ತಿ ಇಳ್ಯಾಕತ್ತೇವಿ. ಇಷ್ಟ ಸಾಕೇನ್ರಿ? ಇನ್ಶೂರೆನ್ಸ್ ಏನ್ ನೋಡಿ ತಗೋಬೇಕು?

ಬೆಳಗಾವಿ ಟ್ರೆಕ್ಕರ್:
ಅಣ್ಣಾರ, 9 ದಿನ ಸಾಲೂದಿಲ್ರಿ. ಬಾದಾಮಿ ಹತ್ತಿದ್ರ ಕಾಲು, ದಮ್ಮು ಗಟ್ಟಿ ಆಗ್ತಾವ ಖರೆ, ತೆಳು ಗಾಳಿಗೆ ಮೈ ಒಗ್ಗೂದು ಬ್ಯಾರೇನ. ಅದಕ್ಕ ಎತ್ತರದಾಗ ಮಲಗಿದ ರಾತ್ರಿನ ಬೇಕು. ಬೇಸ್ ಕ್ಯಾಂಪ್ 5,364 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗೂ ಆಕ್ಸಿಜನ್ ಸಮುದ್ರ ಮಟ್ಟದ ಸುಮಾರು ಅರ್ಧ.

3,000 ಮೀಟರ್ ದಾಟಿದ ಮ್ಯಾಲೆ ಮಲಗೂ ಜಾಗ ದಿನಕ್ಕ 500 ಮೀಟರಿಗಿಂತ ಹೆಚ್ಚು ಏರಬಾರದು. 3–4 ದಿನಕ್ಕೊಮ್ಮೆ ಇದ್ದಲ್ಲೇ ಇನ್ನೊಂದು ರಾತ್ರಿ ನಿಲ್ಲಬೇಕು. ಅಂದ್ರ ದಾರಿಮ್ಯಾಲಿನ ಊರುಗಳಾದ ನಾಮ್ಚೆದಾಗ (3,440 ಮೀ.) ಎರಡು ರಾತ್ರಿ, ಡಿಂಗ್ಬೋಚೆದಾಗ (4,410 ಮೀ.) ಎರಡು ರಾತ್ರಿ. ದಿನ ಉಳಿಸಬೇಕಾದ್ರ ಮೊದಲು ಕತ್ತರಿ ಬೀಳೂದು ಇವಕ್ಕ. 12 ದಿನ ಇಡ್ರಿ, ಮ್ಯಾಲೆ ಎರಡು ದಿನ ಖಾಲಿ ಬಿಡ್ರಿ. ಮೋಡ ಕವದ್ರ ಲುಕ್ಲಾ ವಿಮಾನ ಹಾರೂದಿಲ್ಲ. ವಾಪಸ್ ಟಿಕೀಟ ತಪ್ಪತೈತಿ ಅಂತ ತಲಿನೋವು ಮುಚ್ಚಿಟ್ಟು ನಡಿಯೂದು ಭಾಳ ಅಪಾಯ.

ವಿಜಯಪುರದ ವೈದ್ಯೆ:
ತಲಿನೋವಿನ ಜೋಡಿ ವಾಕರಿಕೆ ಇದ್ರ, ಊಟ ಸೇರದಿದ್ರ ಮ್ಯಾಲೆ ಹೋಗಬ್ಯಾಡ್ರಿ. ಸಂಶಯ ಬಂದ್ರ ನೆಲಕ್ಕ ಗೆರಿ ಎಳದು, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗಿಸಿಕೋತ ಹತ್ತು ಹೆಜ್ಜಿ ನಡಸ್ರಿ. ಓಲಾಡಿದ್ರ ಮಿದುಳಿಗೆ ಬಾವು ಬಂದೈತಿ ಅಂತ ತಿಳೀರಿ. ಕುಂತಲ್ಲೇ ತೇಕು, ಕೆಮ್ಮಿನಾಗ ಗುಲಾಬಿ ನೊರಿ ಬಂದ್ರ ಶ್ವಾಸಕೋಶದಾಗ ನೀರು. ಎರಡಕ್ಕೂ ಬೆಳಕ ಹರಿಯೂತನ ಕಾಯಬ್ಯಾಡ್ರಿ. ಜೋಡಿ ಒಬ್ಬರನ್ನ ಕಳಿಸಿ ಆವಾಗಲೇ ಕೆಳಗ ಇಳಸ್ರಿ, 300ರಿಂದ 1,000 ಮೀಟರ್.

ಎತ್ತರದ ತೊಂದರಿ ಬರದಂಗ ತಗೊಳೂ ಗುಳಿಗಿ ಅಸೆಟಜೋಲಮೈಡ್ 125 ಮಿ.ಗ್ರಾಂ ದಿನಕ್ಕ ಎರಡು ಸಲ, ಏರೂ ಹಿಂದಿನ ದಿನದಿಂದ. ಬೆರಳು ಜುಮುಜುಮು ಅಂತಾವ, ಹೆದರಬ್ಯಾಡ್ರಿ. ಸಲ್ಫಾ ಅಲರ್ಜಿ, ಕಿಡ್ನಿ ತೊಂದರಿ ಇದ್ದವರು ಡಾಕ್ಟರಿಗೆ ಕೇಳದ ಮುಟ್ಟಬಾರದು. ನಿದ್ದಿ ಗುಳಿಗಿ, ಶೆರೆ ಎರಡೂ ಬ್ಯಾಡ.

ಅಥಣಿಯವ:
ಇನ್ಶೂರೆನ್ಸ್ ಬಗ್ಗೆ: ಪಾಲಿಸಿಯಾಗ ಟ್ರೆಕ್ಕಿಂಗ್ ಎಷ್ಟು ಮೀಟರ್ ತನಕ ಅಂತ ಐತಿ ನೋಡ್ರಿ. 4,000 ಅಂತಿದ್ರ ಡಿಂಗ್ಬೋಚೆ ಮುಟ್ಟೂದ್ರಾಗ ಮುಗೀತು. 6,000 ತನಕ, ಹೆಲಿಕಾಪ್ಟರ್ ಖರ್ಚೂ ಕೊಡ್ತೇವಿ ಅಂತ ಸ್ಪಷ್ಟ ಬರೆದಿದ್ದು ತಗೋರಿ. ಕೂಡ್ಲೇ ಜೀವಕ್ಕ ಅಪಾಯ ಇಲ್ಲಂದ್ರ ಹೆಲಿಕಾಪ್ಟರ್ ಕರಸೂ ಮೊದಲ ಕಂಪನಿ ಸಹಾಯವಾಣಿಗೆ ಫೋನ್ ಹಚ್ಚಿ ಒಪ್ಪಿಗಿ ತಗೋರಿ, ಇಲ್ಲಾಂದ್ರ ಕ್ಲೇಮ್‌ಗೆ ತಕರಾರು ಬರ್ತೈತಿ. ಬ್ಯಾಡದಿದ್ರೂ ಹೆಲಿಕಾಪ್ಟರ್ ಹತ್ತಿಸಿ ಬಿಲ್ ಎತ್ತೂ ದಂಧೆ ಮ್ಯಾಲೆ 2018ರಾಗ ನೇಪಾಳ ಸರ್ಕಾರನ ತನಿಖೆ ಮಾಡಿಸಿತ್ತು. ಪಾಲಿಸಿ ನಂಬರು ಕಾಗದದ ಮ್ಯಾಲೆ ಬರದು ಗೈಡ್ ಕಡೆ ಒಂದು ಕೊಡ್ರಿ. ಚಳಿಗೆ ಫೋನ್ ಬ್ಯಾಟರಿ ಲಗೂನ ಇಳೀತೈತಿ.