ಲೈಕನ್ ಸ್ಕ್ಲೆರೋಸಸ್: ರಾತ್ರಿ ತುರಿಕೆ ಮತ್ತೆ ಶುರುವಾಗಿದೆ, ಸಹಾಯ ಬೇಕು

ನನಗೆ ಲೈಕನ್ ಸ್ಕ್ಲೆರೋಸಸ್ ಇದೆ. ಯೋನಿಯ ಹೊರಭಾಗದ ಚರ್ಮ ಬೆಳ್ಳಗಾಗಿ, ವಿಪರೀತ ತುರಿಸುವ ಕಾಯಿಲೆ. ಇದು ಅಂಟುರೋಗವಲ್ಲ, ಸ್ವಚ್ಛವಾಗಿ ಇಲ್ಲದ್ದಕ್ಕೆ ಬರುವುದೂ ಅಲ್ಲ. ಎಷ್ಟೋ ಜನ ಹಾಗೆ ಅಂದುಕೊಳ್ಳುತ್ತಾರೆ, ತುಂಬಾ ಬೇಜಾರಾಗುತ್ತದೆ.

ಹಗಲು ಹೇಗೋ ಕಳೆಯುತ್ತದೆ. ಮಲಗಿ ಮೈ ಬೆಚ್ಚಗಾದ ಕೂಡಲೇ ತುರಿಕೆ ಶುರು. ನಿದ್ದೆಯಲ್ಲೇ ಕೆರೆದುಕೊಂಡು ಬೆಳಿಗ್ಗೆ ನೋಡಿದರೆ ಚರ್ಮ ಬಿರಿದಿರುತ್ತದೆ, ಮೂತ್ರ ಮಾಡುವಾಗ ಪ್ರಾಣ ಹೋಗುವಷ್ಟು ಉರಿ.

ಡಾಕ್ಟರ್ ಕ್ಲೋಬೆಟಾಸೋಲ್ 0.05% ಅನ್ನೋ ಸ್ಟೀರಾಯ್ಡ್ ಮುಲಾಮು ಕೊಟ್ಟಿದ್ದಾರೆ. ಮೊದಲು ದಿನಾ ರಾತ್ರಿ, ಆಮೇಲೆ ದಿನ ಬಿಟ್ಟು ದಿನ, ಈಗ ವಾರಕ್ಕೆ 2 ಸಲ. ದಿನಾ ಹಚ್ಚುವಾಗ ಆರಾಮವಾಗಿತ್ತು. ಕಡಿಮೆ ಮಾಡಿದ ಮೇಲೆ ಮತ್ತೆ ಬಂತು. ಸೋಪು ಬಿಟ್ಟಿದ್ದೇನೆ, ಸಡಿಲವಾದ ಹತ್ತಿ ಬಟ್ಟೆ ಹಾಕುತ್ತೇನೆ, ಮುಲಾಮು ಇಲ್ಲದ ರಾತ್ರಿ ಪೆಟ್ರೋಲಿಯಂ ಜೆಲ್ಲಿ ಹಚ್ಚುತ್ತೇನೆ. ತಣ್ಣೀರಿನ ಬಟ್ಟೆ ಇಟ್ಟರೆ ಸ್ವಲ್ಪ ಹೊತ್ತು ಹಾಯೆನಿಸುತ್ತದೆ, ಅಷ್ಟೇ. ಅಲರ್ಜಿ ಮಾತ್ರೆ ತಗೊಂಡರೆ ಮಂಪರು ಬರುತ್ತದೆ, ತುರಿಕೆ ಹಾಗೇ ಇರುತ್ತದೆ.

ನನ್ನ ಗೊಂದಲ ಇಷ್ಟೇ. ಇದು ಕಾಯಿಲೆ ಮತ್ತೆ ಕೆರಳಿದ್ದೋ, ಇಲ್ಲಾ ಬರೀ ಚರ್ಮ ಒಣಗಿದ್ದೋ ಗೊತ್ತಾಗುತ್ತಿಲ್ಲ. ಸ್ಟೀರಾಯ್ಡ್ ಜಾಸ್ತಿ ಹಚ್ಚಲು ಭಯ. ಸುಮ್ನೆ ಸಹಿಸಿಕೊಂಡಿದ್ದರೆ ಕಲೆಗಟ್ಟಿ ಚರ್ಮ ಅಂಟಿಕೊಳ್ಳಬಹುದು ಅಂತ ಇನ್ನೂ ಭಯ. ಡಾಕ್ಟರ್ ಭೇಟಿಗೆ ದಿನ ಗೊತ್ತಾಗಿದೆ, ಆದರೆ ಅಲ್ಲಿಯವರೆಗೆ ರಾತ್ರಿಗಳನ್ನು ಕಳೆಯಬೇಕಲ್ವಾ?

ವಾರಕ್ಕೆ 2 ಸಲಕ್ಕೆ ಇಳಿಸಿದ ಮೇಲೆ ರಾತ್ರಿ ತುರಿಕೆ ಮರಳಿ ಬಂದವರು ಯಾರಾದರೂ ಇದ್ದೀರಾ? ಆಗ ನಿಮ್ಮ ಡಾಕ್ಟರ್ ಮತ್ತೆ ಕೆಲವು ದಿನ ದಿನಾ ಹಚ್ಚಲು ಹೇಳಿದರಾ, ಅಥವಾ ಬೇರೆ ಏನಾದರೂ ಕೊಟ್ಟರಾ?