ಕಡಸು, ಮಣಕ, ಪಡ್ಡೆ: ‘ರಿಪ್ಲೇಸ್‌ಮೆಂಟ್ ಹೈಫರ್’ಗೆ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದ ನೆಬ್ರಾಸ್ಕದಲ್ಲಿ ಮಾಂಸಕ್ಕಾಗಿ ದನ ಸಾಕುವವರ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮುದಿಯಾದ, ಗಬ್ಬ ನಿಲ್ಲದ ಹಸುಗಳನ್ನು ಅವರು ಪ್ರತಿ ವರ್ಷ ಹಿಂಡಿನಿಂದ ತೆಗೆದು ಮಾರುತ್ತಾರೆ. ನೂರು ಹಸುಗಳಿದ್ದರೆ ಸಾಮಾನ್ಯವಾಗಿ 15ರಿಂದ 20 ಹೀಗೆ ಹೋಗುತ್ತವೆ. ಅವುಗಳ ಜಾಗಕ್ಕೆ ಬರುವ ಎಳೆಯ ಹೆಣ್ಣು ದನವೇ ‘ರಿಪ್ಲೇಸ್‌ಮೆಂಟ್ ಹೈಫರ್’. ಅದನ್ನು ತಾವೇ ಬೆಳೆಸಿಕೊಳ್ಳುವುದು ಲೇಸೋ, ಕೊಳ್ಳುವುದು ಲೇಸೋ ಎಂಬುದು ಬರಹದ ವಿಷಯ.

ಹೈಫರ್ ಎನ್ನಲು ನಮ್ಮಲ್ಲಿ ಪದಗಳಿಗೆ ಬರವಿಲ್ಲ. ನಮ್ಮ ಮನೆಯಲ್ಲಿ ಕಡಸು ಎನ್ನುತ್ತಿದ್ದರು. ತುಳುವಿನಲ್ಲಿ ಗಡಸ್, ತಮಿಳು ಮಲಯಾಳಗಳಲ್ಲಿ ಕಿಡಾರಿ ಇವೆ. ನೆಂಟಸ್ತಿಕೆ ಕಿವಿಗೇ ಗೊತ್ತಾಗುತ್ತದೆ. ಪಶುಪಾಲನೆಯ ಬರಹಗಳಲ್ಲಿ ಮಣಕ ಹೆಚ್ಚು ಕಾಣುತ್ತದೆ. ಪಡ್ಡೆಯೂ ಇದೆ, ಆದರೆ ‘ಪಡ್ಡೆ ಹುಡುಗರು’ ಎಂಬ ಬಳಕೆ ಅದನ್ನು ಪೂರ್ತಿ ನುಂಗಿಬಿಟ್ಟಿದೆ. ಒಳ್ಳೆಯ ಪದವೊಂದು ಕೊಟ್ಟಿಗೆ ಬಿಟ್ಟು ಬೀದಿಗೆ ಹೋದದ್ದಕ್ಕೆ ನನಗೆ ನಿಜವಾಗಿಯೂ ಬೇಸರವಿದೆ.

ಮೊದಲ ತೊಡಕು ಇದು. ಕಡಸು ಎಂದರೆ ಇನ್ನೂ ಈಯದ್ದು. ಈದ ದಿನವೇ ಅದು ಹಸುವಾಯಿತು. ಇಂಗ್ಲಿಷಿನವರು ಮೊದಲ ಕರು ಹಾಕಿದ ಮೇಲೂ ‘ಫಸ್ಟ್ ಕಾಫ್ ಹೈಫರ್’ ಎನ್ನುತ್ತಾರೆ. ಅದನ್ನು ‘ಚೊಚ್ಚಲ ಕರುವಿನ ಕಡಸು’ ಎಂದು ಬರೆದರೆ ದನ ಕಟ್ಟಿದವರು ಯಾರೂ ಒಪ್ಪಲಾರರು. ಎಷ್ಟನೆಯ ಸಲ ಈದದ್ದು ಎನ್ನಲು ನಮಗೆ ಸೂಲು ಎಂಬ ಚೊಕ್ಕ ಲೆಕ್ಕವಿರುವಾಗ ‘ಮೊದಲ ಸೂಲಿನ ಹಸು’ ಎಂದರೆ ಸಾಕು. ‘ಬ್ರೆಡ್ ಹೈಫರ್’ ಹೇಗೂ ಗಬ್ಬದ ಕಡಸು. ಇವೆರಡರಲ್ಲಿ ನನಗೆ ಅನುಮಾನವಿಲ್ಲ.

ಕಷ್ಟವಿರುವುದು ‘ರಿಪ್ಲೇಸ್‌ಮೆಂಟ್’ನಲ್ಲಿ. ‘ಬದಲಿ ಕಡಸು’ ಎಂದು ಬರೆದು ಹೊಡೆದುಹಾಕಿದೆ. ಬದಲಿ ಬಸ್ಸು, ಬದಲಿ ಶಿಕ್ಷಕರು ಎಂದಾಗ ಅಸಲು ಮರಳುವ ತನಕದ ಏರ್ಪಾಡು ಎಂಬ ಧ್ವನಿ ಬರುತ್ತದೆ. ಈ ಕಡಸು ಹಾಗಲ್ಲ, ಹಿಂಡಿನ ಮುಂದಿನ ಪೀಳಿಗೆಯೇ ಅದರಿಂದ ಬರಬೇಕು. ಆಮೇಲೆ ‘ಬೀಜಕ್ಕೆ ಬಿಟ್ಟ ಸೌತೆಕಾಯಿ’ ನೆನಪಾಯಿತು. ಅದೇ ಜಾಡಿನಲ್ಲಿ ‘ತಳಿಗೆ ಬಿಟ್ಟ ಕಡಸು’ ಎಂದರೆ ಬೆಳೆಸಿಕೊಂಡದ್ದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಹಾಲು ಬಿಡಿಸಿದ ಹೆಣ್ಣುಗರುಗಳಲ್ಲಿ ತಾಯಿಯ ಗುಣ ನೋಡಿ ಕೆಲವನ್ನು ಮಾರದೆ ಉಳಿಸಿಕೊಳ್ಳುತ್ತಾರೆ. 14–15 ತಿಂಗಳಿಗೆ ಹೋರಿಗೆ ಬಿಡುತ್ತಾರೆ. ಗಬ್ಬದ ಸುಮಾರು 283 ದಿನ ಕಳೆದು ಎರಡು ವರ್ಷದ ಹೊತ್ತಿಗೆ ಅದು ಈಯುತ್ತದೆ. ಅಲ್ಲಿಯವರೆಗೆ ಹುಲ್ಲು, ಮೇವಿನ ಖರ್ಚೇ ಹೊರತು ಹುಟ್ಟುವಳಿ ಇಲ್ಲ. ‘ಬಿಟ್ಟ’ ಎಂಬ ಒಂದು ಮಾತಿನಲ್ಲಿ ಆ ಕಾಯುವಿಕೆ ಪೂರ್ತಿ ಬಂದುಬಿಡುತ್ತದೆ.

ಆದರೆ ಕೊಂಡು ತಂದದ್ದನ್ನು ‘ಬಿಟ್ಟದ್ದು’ ಎನ್ನುವುದು ಹೇಗೆ? ಕೊಳ್ಳುವವರು ಹೆಚ್ಚಾಗಿ ಗಬ್ಬದ ಕಡಸನ್ನೇ ಕೊಳ್ಳುತ್ತಾರೆ. ಕಾಯುವ ಕಾಲ ಉಳಿತಾಯವಾಗುತ್ತದೆ, ಆದರೆ ಅದರ ಅಪ್ಪ ಯಾರು, ಅವ್ವ ಯಾರು ಎಂಬುದು ಮಾರಿದವರ ಮಾತಿನ ಮೇಲೆ ನಿಂತಿರುತ್ತದೆ, ರೋಗ ಜೊತೆಗೆ ಬಂದೀತೆಂದು ಕೆಲವು ವಾರ ಬೇರೆ ಕಟ್ಟಬೇಕಾಗುತ್ತದೆ. ಬರಹದ ಶೀರ್ಷಿಕೆಯಲ್ಲೇ ಎರಡೂ ಬಗೆಗಳು ಎದುರುಬದುರು ನಿಂತಿರುವುದರಿಂದ ಎರಡಕ್ಕೂ ಸಲ್ಲುವ ಪದವೇ ಬೇಕು.

ಸದ್ಯಕ್ಕೆ ‘ತಳಿಗಡಸು’ ಎಂದು ಜೋಡಿಸಿಕೊಂಡಿದ್ದೇನೆ. ಮನೆಯ ತಳಿಗಡಸು, ಕೊಂಡ ತಳಿಗಡಸು ಎಂದು ಬಿಡಿಸಿ ಹೇಳಲು ಬರುತ್ತದೆ. ಆದರೂ ಇದು ಮೇಜಿನ ಮೇಲೆ ಹುಟ್ಟಿದ ಪದ.

ದನ ಸಾಕಿದ ಮನೆಯವರು ದಯವಿಟ್ಟು ತಿಳಿಸಬೇಕು: ಹೆಣ್ಣುಗರುವನ್ನು ಮಾರದೆ ಹಟ್ಟಿಗೆಂದು ಉಳಿಸಿಕೊಂಡಾಗ ನಿಮ್ಮಲ್ಲಿ ಅದನ್ನು ಏನೆಂದು ಕರೆಯುತ್ತಿದ್ದರು? ಕಡಸು ಮತ್ತು ಮಣಕ ಎರಡನ್ನೂ ಬಳಸುವ ಊರುಗಳಲ್ಲಿ ಬೆದೆಗೆ ಬರುವ ಮೊದಲು ಒಂದು, ಬಂದ ಮೇಲೆ ಇನ್ನೊಂದು ಎಂಬ ವ್ಯತ್ಯಾಸ ಇದೆಯೇ? ಊರಿನ ಹೆಸರನ್ನೂ ಬರೆದರೆ ಉಪಕಾರವಾಗುತ್ತದೆ.