ಪದಚರ್ಚೆ: ‘ಫ್ಯಾಟ್ ಸ್ಕೀ’ ದಪ್ಪವೋ ಅಗಲವೋ? ‘ಆಫ್-ಪಿಸ್ಟ್’ಗೆ ಏನನ್ನೋಣ?

ಗೆಳೆಯರೇ,

ಕಾಶ್ಮೀರದ ಗುಲ್ಮಾರ್ಗ್‌ಗೆ ಸ್ಕೀ ಆಡಲು, ಅಂದರೆ ಕಾಲಿಗೆ ಉದ್ದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರಲು, ಹೋಗುವ ಕನ್ನಡಿಗರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಹೊಸದಾಗಿ ಬಿದ್ದ ಸಡಿಲ ಹಿಮಕ್ಕೆ ಎಂಥ ಸ್ಕೀ ಆರಿಸಬೇಕು ಅನ್ನುವ ಭಾಗಕ್ಕೆ ಬಂದಾಗ ಕೆಲವು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕು ಅನ್ನಿಸಿತು. ಸ್ಕೀ, ಬೂಟು, ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ), ಬ್ರೇಕ್ ಇವೆಲ್ಲ ಹಾಗೇ ಇರಲಿ. ಅವುಗಳಿಗೆ ಕನ್ನಡ ಹುಡುಕುವ ಅಗತ್ಯ ನನಗೆ ಕಾಣಿಸುವುದಿಲ್ಲ. ಆದರೆ ಕೆಲವು ಪದಗಳನ್ನು ತಪ್ಪಾಗಿ ತಿಳಿದರೆ ಓದಿದವರು ತಮಗೆ ಹೊಂದದ ಸ್ಕೀ ಬಾಡಿಗೆಗೆ ತರುತ್ತಾರೆ, ಇಲ್ಲವೇ ಇಳಿಯಬಾರದ ಕಡೆ ಇಳಿಯುತ್ತಾರೆ. ನಾನು ಕೇಳುತ್ತಿರುವುದು ಅಂಥ ಪದಗಳ ಬಗ್ಗೆ.

ಮೊದಲು ‘ಫ್ಯಾಟ್ ಸ್ಕೀ’. ಸುಮ್ನೆ ಪದಕ್ಕೆ ಪದ ಇಟ್ಟರೆ ‘ದಪ್ಪ ಸ್ಕೀ’ ಆಗುತ್ತದೆ. ಆದರೆ ಹಲಗೆ ದಪ್ಪ ಇದೆ ಅಂದರೆ ನಮಗೆ ಅರ್ಥವಾಗುವುದು ಅದರ ಮಂದ. ಆರು ಇಂಚು ಅಗಲ, ಒಂದು ಇಂಚು ದಪ್ಪ ಅಂತಲೇ ಬಡಗಿ ಹೇಳುವುದು. ಈ ಸ್ಕೀಗಳಲ್ಲಿ ಜಾಸ್ತಿ ಆಗಿರುವುದು ಮಂದ ಅಲ್ಲ, ಅಗಲ. ಕೆಸರು ಗದ್ದೆಗೆ ಹಲಗೆ ಹಾಸಿ ನಡೆದರೆ ಕಾಲು ಹೂತುಹೋಗುವುದಿಲ್ಲ, ಅಲ್ವಾ? ಇಲ್ಲೂ ಅದೇ ಕೆಲಸ ನಡೆಯುತ್ತದೆ. ಮೈಭಾರ ಹೆಚ್ಚು ಜಾಗಕ್ಕೆ ಹರಡುತ್ತದೆ, ಸ್ಕೀ ಸಡಿಲ ಹಿಮದ ಮೇಲುಮೇಲೆ ಸಾಗುತ್ತದೆ. ಹಾಗಾಗಿ ‘ಅಗಲ ಸ್ಕೀ’ ಅಂತ ಬರೆಯಬೇಕು ಅನ್ನುವುದು ನನ್ನ ನಿಲುವು.

ಆದರೆ ಎಲ್ಲಿ ಅಳೆದ ಅಗಲ? ಸ್ಕೀ ಮೇಲೆ 132-106-122 ಅನ್ನುವಂಥ ಮೂರು ಅಂಕಿಗಳಿರುತ್ತವೆ. ಮುಂದಿನ ತುದಿ, ಬೂಟು ಕೂರುವ ಜಾಗ, ಹಿಂದಿನ ತುದಿ, ಹೀಗೆ ಮೂರು ಕಡೆಯ ಅಗಲ ಮಿಲಿಮೀಟರಿನಲ್ಲಿ. ಆರಿಸುವಾಗ ಮೊದಲು ನೋಡುವುದು ಮಧ್ಯದ ಅಂಕಿಯನ್ನು. ಇಂಗ್ಲಿಷಿನಲ್ಲಿ ಅದು ‘ವೇಸ್ಟ್’. ಯಂತ್ರ ಓಡಿಸಿ ಹದ ಮಾಡಿದ ಗಟ್ಟಿ ಇಳಿಜಾರಿನ ಸ್ಕೀಗಳಲ್ಲಿ ಅದು ಸುಮಾರು 65ರಿಂದ 80. ಎಲ್ಲ ಬಗೆಯ ಹಿಮಕ್ಕೂ ಒದಗುವವು 80ರಿಂದ 100ರ ಒಳಗೆ. ಸಡಿಲ ಹಿಮಕ್ಕೆಂದೇ ಮಾಡಿದವು 105 ದಾಟುತ್ತವೆ, 120ರ ಆಚೆಯವೂ ಇವೆ.

ಇದಕ್ಕೆ ‘ಸೊಂಟ’ ಅನ್ನಬಹುದು, ‘ನಡು’ ಅನ್ನಬಹುದು. ನನ್ನ ಮನಸ್ಸು ‘ನಡು’ವಿನ ಕಡೆ. ಸೊಂಟ ಅಂದ ಕೂಡಲೇ ಸಣ್ಣಗಾದ ಭಾಗ ಅನ್ನುವ ಚಿತ್ರ ಬರುತ್ತದೆ. 2002ರಲ್ಲಿ ವೊಲಾಂಟ್ ಕಂಪನಿ ‘ಸ್ಪಾಚುಲಾ’ ಅನ್ನುವ ಸ್ಕೀ ತಂದಿತು. ಅದರ ಹಿಂದಿದ್ದವರು ಹೆಸರಾಂತ ಸ್ಕೀ ಆಟಗಾರ ಶೇನ್ ಮೆಕಾಂಕಿ. ಆ ಸ್ಕೀಯಲ್ಲಿ ತುದಿಗಳಿಗಿಂತ ಮಧ್ಯದ ಭಾಗವೇ ಅಗಲ! ಅಲ್ಲಿ ಸೊಂಟ ಅನ್ನುವುದು ಹೊಂದುವುದಿಲ್ಲ. ‘ನಡು’ ಹೊಂದುತ್ತದೆ, ಯಾಕೆಂದರೆ ಅದಕ್ಕೆ ಸೊಂಟ ಅಂತಲೂ ಅರ್ಥ, ಮಧ್ಯ ಅಂತಲೂ ಅರ್ಥ. ‘ನಡು ಅಗಲ 106’ ಅಂದರೆ ಬಾಡಿಗೆ ಅಂಗಡಿಯಲ್ಲಿ ಯಾವ ಅಂಕಿ ನೋಡಬೇಕು ಅಂತ ಯಾರಿಗಾದರೂ ತಿಳಿಯುತ್ತದೆ. ತುದಿಗಳಿಗೆ ‘ಮೂತಿ’, ‘ಬಾಲ’ ಅಂತ ಇಟ್ಟಿದ್ದೇನೆ. ಮೂತಿ ಮೇಲಕ್ಕೆ ಬೇಗ ಬಾಗುವ ಆಕಾರಕ್ಕೆ ‘ರಾಕರ್’ ಅನ್ನುತ್ತಾರೆ. ಅದನ್ನು ‘ಮೂತಿ ಎತ್ತಿದ ಸ್ಕೀ’ ಅಂತ ಬಿಡಿಸಿ ಬರೆದಿದ್ದೇನೆ. ಸಡಿಲ ಹಿಮದಲ್ಲಿ ಅಗಲದಷ್ಟೇ ಇದೂ ಮುಖ್ಯ. ಮೂತಿ ಎತ್ತಿರದಿದ್ದರೆ ಅಗಲ ಸ್ಕೀಯೂ ಹಿಮದೊಳಗೆ ನುಗ್ಗಿ ಹೂತುಕೊಳ್ಳುತ್ತದೆ.

ಅಗಲ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವ ಭಾವನೆ ‘ಅಗಲ ಸ್ಕೀ’ ಅನ್ನುವ ಮಾತಿನಿಂದ ಬರಬಾರದು. ಗಟ್ಟಿ ಹಿಮದಲ್ಲಿ ಅಗಲ ಸ್ಕೀಯನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಳಿಸಲು ಹೆಚ್ಚು ಹೊತ್ತು, ಹೆಚ್ಚು ಶಕ್ತಿ ಬೇಕು. ಮಂಡಿಗೂ ಶ್ರಮ. ದಿನದ ಅರ್ಧ ಹೊತ್ತು ಗಟ್ಟಿ ಇಳಿಜಾರಿನಲ್ಲೇ ಆಡುವವರಿಗೆ ನಡು ಅಗಲ 95ರಿಂದ 100ರ ಆಸುಪಾಸು ಸಾಕು ಅಂತ ಕೈಪಿಡಿಯಲ್ಲಿ ಬರೆದಿದ್ದೇನೆ. ಇನ್ನೊಂದು ವಿಷಯ, ಬೈಂಡಿಂಗಿನ ಬ್ರೇಕ್ ಸಹ ನಡುವಿನ ಅಗಲಕ್ಕೆ ಹೊಂದಬೇಕು. ಕಿರಿದಾದ ಬ್ರೇಕ್ ಅಗಲ ಸ್ಕೀಯ ಅಂಚು ದಾಟಿ ಕೆಳಗಿಳಿಯುವುದೇ ಇಲ್ಲ. ಬರೀ ‘ಅಗಲ’ ಅಂತ ಬರೆಯದೆ ಎಲ್ಲ ಕಡೆ ‘ನಡು ಅಗಲ’ ಅಂತಲೇ ಬರೆಯಲು ಇದೂ ಒಂದು ಕಾರಣ.

‘ಪೌಡರ್’ಗೆ ‘ಪುಡಿಹಿಮ’ ಅಂದಿದ್ದೇನೆ. ಕರಾವಳಿಯವರು ‘ಹುಡಿಹಿಮ’ ಅಂದರೂ ಸಂತೋಷವೇ. ‘ಮಂಜು’ ಮಾತ್ರ ಬೇಡ. ನಮ್ಮಲ್ಲಿ ಮಂಜು ಅಂದರೆ ಆಗುಂಬೆಯಲ್ಲಿ, ಮಡಿಕೇರಿಯಲ್ಲಿ ಬೆಳಿಗ್ಗೆ ಕವಿಯುವುದು. ಪುಡಿಹಿಮ ಅನ್ನುವಾಗ ಒಂದು ಎಚ್ಚರವೂ ಬೇಕು. ಹೊಸ ಹಿಮವೆಲ್ಲ ಪುಡಿಹಿಮ ಅಲ್ಲ. ಚಳಿ ಕಡಿಮೆಯಾಗಿ ನೀರಾಡುವ ಹಿಮ ಬಿದ್ದರೆ ಅದು ಹೊಸದೇ ಆದರೂ ಭಾರ, ಸ್ಕೀಗೆ ಅಂಟುತ್ತದೆ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ಶುರುವಾಗುವ ನಲವತ್ತು ದಿನದ ಕಡುಚಳಿಗೆ ‘ಚಿಲ್ಲಾಯ್ ಕಲಾನ್’ ಅನ್ನುತ್ತಾರೆ. ಅಂಥ ಚಳಿಯಲ್ಲಿ ಬೀಳುವ ಒಣ, ಹಗುರ ಹಿಮಕ್ಕೆ ‘ಪುಡಿಹಿಮ’ ಸರಿಯಾಗಿ ಹೊಂದುತ್ತದೆ.

ಈಗ ನನ್ನನ್ನು ನಿಜವಾಗಿ ಕಾಡುತ್ತಿರುವ ಪದ, ‘ಆಫ್-ಪಿಸ್ಟ್’. ಸ್ಕೀ ಆಡಲೆಂದು ಸಿದ್ಧ ಮಾಡಿದ ಇಳಿಜಾರು ಪಿಸ್ಟ್, ಅದರಿಂದ ಹೊರಗಿನದು ಆಫ್-ಪಿಸ್ಟ್.

ಪಿಸ್ಟ್ ಅನ್ನುವುದು ಫ್ರೆಂಚ್ ಮಾತು, ಇಟಾಲಿಯನ್‌ನಿಂದ ಬಂದದ್ದು. ಬೇರಿನಲ್ಲಿ ಕುಟ್ಟುವ, ತುಳಿಯುವ ಅರ್ಥ ಇದೆ. ತುಳಿದು ತುಳಿದು ಆದ ದಾರಿ. ಹಾಗಂತ ಆಫ್-ಪಿಸ್ಟ್‌ಗೆ ‘ದಾರಿ ಬಿಟ್ಟು’ ಅಂದರೆ ಕನ್ನಡದಲ್ಲಿ ನಡತೆ ಕೆಟ್ಟವರ ಮಾತಾಗುತ್ತದೆ. ‘ದಾರಿ ತಪ್ಪಿ’ ಅಂದರೆ ಕಳೆದುಹೋದವರ ಮಾತಾಗುತ್ತದೆ. ‘ತುಳಿಯದ ಹಿಮ’ ಕಿವಿಗೆ ತುಂಬ ಚೆನ್ನಾಗಿದೆ, ಆದರೆ ಬೆಳಿಗ್ಗೆ ಹತ್ತು ಜನ ಇಳಿದ ಮೇಲೂ ಆ ಜಾಗ ಆಫ್-ಪಿಸ್ಟೇ. ಯಂತ್ರ ಓಡಿಸಿ ಹಿಮವನ್ನು ಸಮ ಮಾಡುವುದಕ್ಕೆ ‘ಹದ ಮಾಡುವುದು’ ಅನ್ನಬಹುದು. ಹೊಲಕ್ಕೆ ನಾವು ಅನ್ನುವುದೂ ಅದನ್ನೇ. ಹಾಗಾದರೆ ಪಿಸ್ಟ್ ಅಂದರೆ ‘ಹದದ ಇಳಿಜಾರು’, ಆಫ್-ಪಿಸ್ಟ್ ಅಂದರೆ ‘ಹದ ಮಾಡದ ಇಳಿಜಾರು’. ಇಲ್ಲಿಗೆ ಮುಗಿಯಿತು ಅನ್ನಿಸಬಹುದು. ಮುಗಿಯುವುದಿಲ್ಲ.

ಯುರೋಪಿನಲ್ಲಿ ಪಿಸ್ಟ್ ಬಿಟ್ಟು ಹೊರಗೆ ಕಾಲಿಟ್ಟರೆ ಸಾಮಾನ್ಯವಾಗಿ ಹೊಣೆ ನಿಮ್ಮದೇ. ಅಮೆರಿಕದ ಸ್ಕೀ ತಾಣಗಳಲ್ಲಿ ಹಾಗಲ್ಲ. ಗಡಿಯ ಒಳಗಿನ ಇಳಿಜಾರು ಹದ ಮಾಡಿರದಿದ್ದರೂ ಕಾವಲು ಪಡೆ ಅದನ್ನು ನೋಡಿಕೊಳ್ಳುತ್ತದೆ. ಗುಲ್ಮಾರ್ಗ್‌ನಲ್ಲಿ ಎರಡೂ ಇದೆ. ಅಲ್ಲಿನ ಗೊಂಡೋಲಾದ (ತಂತಿಯ ಮೇಲೆ ಸಾಗುವ ಡಬ್ಬಿಗಳ ರೋಪ್‌ವೇ) ಎರಡನೇ ಹಂತ ಅಫರ್ವತ್ ಬೆಟ್ಟದಲ್ಲಿ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಗೊಂಡೋಲಾ ತಂತಿಯ ಕೆಳಗಿನ ಬಟ್ಟಲಿನಂಥ ಇಳಿಜಾರಿನಲ್ಲಿ ಕಾವಲು ಇದೆ. ಅದರ ಆಚೆ ಇಲ್ಲ. ಎರಡು ಕಡೆಯೂ ಹದ ಮಾಡದ ಹಿಮವೇ, ನೋಡಲು ಒಂದೇ ಥರ. 2023ರ ಫೆಬ್ರವರಿ 1ರಂದು ಅಫರ್ವತ್‌ನ ಹಾಪತ್‌ಖುಡ್‌ನಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಸತ್ತರು. ಇಂಥ ಕಡೆ ಒಂದೇ ಪದದಲ್ಲಿ ಎರಡನ್ನೂ ಹೇಳಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ‘ಹದ ಮಾಡದ ಇಳಿಜಾರು’ ಒಂದು, ‘ಕಾವಲಿಲ್ಲದ ಇಳಿಜಾರು’ ಇನ್ನೊಂದು. ಮೊದಲನೆಯದು ಯಾವ ಸ್ಕೀ ಬೇಕು ಅಂತ ಹೇಳುತ್ತದೆ. ಎರಡನೆಯದಕ್ಕೆ ಹೋಗುವವರಿಗೆ ಸ್ಕೀ ಎಷ್ಟು ಅಗಲ ಅನ್ನುವುದಕ್ಕಿಂತ ಮೊದಲು ಬೀಕನ್ (ಹಿಮದಡಿ ಸಿಲುಕಿದವರನ್ನು ಪತ್ತೆಹಚ್ಚಲು ಸಂಕೇತ ಕಳಿಸುವ ಸಾಧನ), ಸಲಿಕೆ, ಪ್ರೋಬ್ ಕೋಲು (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು) ಬೇಕು, ಅವನ್ನು ಬಳಸಲು ಬಲ್ಲ ಜೊತೆಗಾರರು ಬೇಕು.

ಇದಕ್ಕೇ ಅಂಟಿಕೊಂಡ ಇನ್ನೊಂದು ಪದ ‘ಅವಲಾಂಚ್’. ನಮ್ಮ ಪತ್ರಿಕೆಗಳಲ್ಲಿ ‘ಹಿಮಪಾತ’ ಅಂತ ಬರುತ್ತದೆ, ‘ಹಿಮಕುಸಿತ’ ಅಂತಲೂ ಬರುತ್ತದೆ. ಆಕಾಶದಿಂದ ಹಿಮ ಬೀಳುವುದಕ್ಕೂ ‘ಹಿಮಪಾತ’ವೇ! 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಹಿಮದಡಿ ಸಿಲುಕಿದಾಗ ಇಡೀ ಕರ್ನಾಟಕ ಆ ಸುದ್ದಿಯನ್ನು ಉಸಿರು ಬಿಗಿಹಿಡಿದು ಓದಿತು. ಅವರನ್ನು ಹೂತದ್ದು ಆಕಾಶದಿಂದ ಬಿದ್ದ ಹಿಮವಲ್ಲ, ಕುಸಿದು ಬಂದ ಹಿಮ. ಕೈಪಿಡಿಯಲ್ಲಿ ‘ನಾಳೆ ಹಿಮಪಾತ ಆಗಬಹುದು’ ಅಂತ ಬರೆದರೆ ಸ್ಕೀ ಆಡುವವರು ಖುಷಿಪಡಬೇಕೋ, ಕೋಣೆಯಲ್ಲೇ ಉಳಿಯಬೇಕೋ? ಭೂಕುಸಿತ ಅಂದರೆ ಏನು ಅಂತ 2018ರ ಮಳೆಗಾಲದ ನಂತರ ಕೊಡಗಿನ ಮಕ್ಕಳಿಗೂ ಗೊತ್ತು. ಅದರ ಜೊತೆಗೇ ‘ಹಿಮಕುಸಿತ’ ನಿಲ್ಲಲಿ, ‘ಹಿಮಪಾತ’ ಬರೀ ಹಿಮ ಬೀಳುವುದಕ್ಕೆ ಇರಲಿ ಅಂತ ನಾನು ಬಲವಾಗಿ ಕೇಳಿಕೊಳ್ಳುತ್ತೇನೆ. ಇದಕ್ಕೆ ವಿರೋಧ ಇದ್ದವರು ದಯವಿಟ್ಟು ಕಾರಣ ಬರೆಯಿರಿ.

ಉಳಿದದ್ದು ‘ಫ್ಲೋಟ್’. ಪುಡಿಹಿಮದಲ್ಲಿ ಅಗಲ ಸ್ಕೀ ‘ತೇಲುತ್ತದೆ’ ಅಂದರೆ ನಿಮಗೆ ಸಹಜ ಅನ್ನಿಸುತ್ತದೆಯೇ? ನನಗೆ ತೇಲುವುದು ನೀರಿಗೆ, ಗಾಳಿಗೆ ಸೇರಿದ್ದು. ‘ಹೂತುಹೋಗುವುದಿಲ್ಲ’ ಅಂದರೆ ಅರ್ಥ ಸರಿ ಇದೆ, ಆದರೆ ಆಡುವವರ ಖುಷಿ ಅದರಲ್ಲಿಲ್ಲ. ಗುಲ್ಮಾರ್ಗ್‌ನಲ್ಲಿ ಸೇನೆ 1948ರಲ್ಲಿ ಶುರುಮಾಡಿದ ಸ್ಕೀ ಶಾಲೆಯೇ ಇಂದಿನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್. ಅಲ್ಲಿ ತರಬೇತಿ ಪಡೆದ ಕನ್ನಡಿಗ ಯೋಧರು ನಿಮ್ಮ ಮನೆಯಲ್ಲೋ ಊರಲ್ಲೋ ಇದ್ದರೆ, ಹಿಮದಲ್ಲಿ ಸ್ಕೀ ಮೇಲುಮೇಲೆ ಹೋಗುವುದಕ್ಕೆ ಅವರು ತಮ್ಮತಮ್ಮಲ್ಲಿ ಏನನ್ನುತ್ತಿದ್ದರು ಅಂತ ಕೇಳಿ ತಿಳಿಸುತ್ತೀರಾ? ಅವರು ಬಾಯಲ್ಲಿ ಆಡಿದ ಮಾತು ಯಾವುದೇ ಇರಲಿ, ನಾನು ಕಟ್ಟಿದ್ದನ್ನು ತೆಗೆದು ಅದನ್ನೇ ಹಾಕುತ್ತೇನೆ.